ಬರಲಿರುವ ಮಾತ್ರೆಗೆ ನನ್ನ ತಾಲೀಮು

ಇನ್ನೂ ಹುಟ್ಟದ ಕೆಲಸಕ್ಕೆ ಹೆಗಲು ಕೊಡುತ್ತೇನೆಂದು ಮಾತು ಕೊಡುವುದರಲ್ಲಿ ಗಂಡಸರನ್ನು ಮೀರಿಸುವವರಿಲ್ಲ. ಎಪ್ಪತ್ತರ ದಶಕದ ಆರಂಭ. ಮದ್ದೂರಿನಲ್ಲಿ ಮೇಷ್ಟ್ರಾಗಿದ್ದೆ. ಮನೆ ತುಂಬ ಮೂರು ಮಕ್ಕಳು. ನಾಲ್ಕನೆಯದು ಬೇಡವೆಂದು ನನ್ನ ಹೆಂಡತಿ ಸಾಕಮ್ಮ ಮಂಡ್ಯದ ಲೇಡಿ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ದಿನವೂ ನುಂಗುತ್ತಿದ್ದಳು. ಬೆಳಗಾದರೆ ತಲೆನೋವು, ವಾಕರಿಕೆ. ಒಲೆಯ ಮುಂದೆ ಗೋಡೆ ಹಿಡಿದು ನಿಂತವಳನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತಿತ್ತು. ಹಾಗೆ ಅನ್ನಿಸುತ್ತಿರುವಾಗಲೇ ಕಾಫಿ ಕುಡಿದು ಸ್ಕೂಲಿಗೆ ಹೋಗುತ್ತಿದ್ದೆ.

ಊರಿನ ಗೋಡೆಗಳ ಮೇಲೆಲ್ಲ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದು, ಗಂಡಸರ ಆಪರೇಷನ್ ಬಲು ಸಲೀಸು ಎಂದು ಸಾರುತ್ತಿದ್ದ ಕಾಲ. ಆ ಗೋಡೆಗಳತ್ತ ನೋಡದೆ ನಡೆಯುವುದನ್ನು ನಾನು ಕಲಿತಿದ್ದೆ. ಅಷ್ಟರಲ್ಲಿ ಒಂದು ವಾರಪತ್ರಿಕೆ ನನ್ನನ್ನು ಕಾಪಾಡಿತು. ಗಂಡಸರಿಗೂ ಹಾರ್ಮೋನಿನ ಮಾತ್ರೆ, ಸೂಜಿಮದ್ದು ಪರದೇಶದಲ್ಲಿ ಪ್ರಯೋಗವಾಗುತ್ತಿದೆಯಂತೆ. ಅದು ಬಂದ ದಿನವೇ ನಿನ್ನ ಮಾತ್ರೆ ಬಂದ್, ನನ್ನದು ಶುರು ಎಂದು ಸಾಕಮ್ಮನಿಗೆ ಘೋಷಿಸಿದೆ. ಇನ್ನೂ ಯಾಕೆ ಬಂದಿಲ್ಲ ಎಂದು ಕೇಳಿದಳು. ನುಂಗಿದವರಿಗೆ ಮೈ ಭಾರವಾಗಿ ಮನಸ್ಸಿಗೆ ಬೇಜಾರಾದೀತೆಂದು ವಿಜ್ಞಾನಿಗಳು ಯೋಚಿಸುತ್ತಿದ್ದಾರೆ ಎಂದೆ. ಪಾಪ, ಗಂಡಸರಿಗೆ ಬೇಜಾರಾಗಬಾರದು ಎಂದು ಅವಳು ಮುದ್ದೆ ತಿರುವುತ್ತಲೇ ಅಂದಳು.

ಅವಳು ಪೂರಿಗಾಲಿಯ ಒಕ್ಕಲು ಮನೆಯ ಹೆಣ್ಣು. ಅಲ್ಲಿ ಹೊಸ ಎತ್ತನ್ನು ಗಾಡಿಗೆ ಕಟ್ಟುವ ಮುಂಚೆ ಬರಿ ನೊಗ ಹೊರಿಸಿ ಓಡಾಡಿಸುತ್ತಾರೆ. ಅದೇ ನ್ಯಾಯವನ್ನು ಅವಳು ನನಗೂ ಹಚ್ಚಿದಳು. ಗಂಡಸರ ಮಾತ್ರೆ ಬರುವ ತನಕ ತಾಲೀಮಿಗೆಂದು ದಿನಾ ಊಟವಾದ ಮೇಲೆ ಒಂದು ವಿಟಮಿನ್ ಮಾತ್ರೆಯನ್ನು ಯಾರೂ ನೆನಪಿಸದೆ ನಾನೇ ನುಂಗಬೇಕು. ಮೊದಮೊದಲು ಠೀವಿಯಿಂದ ನುಂಗಿದೆ. ಆಮೇಲೆ ಪರೀಕ್ಷೆ ಬಂತು, ಹೊಳಲಿನಲ್ಲಿ ನೆಂಟರ ಮದುವೆ ಬಂತು, ಮಾತ್ರೆ ಮರೆತೇಹೋಯಿತು. ಒಂದು ಬೆಳಿಗ್ಗೆ ಅವಳು ಸೀಸೆ ತಂದು ಮುಂದಿಟ್ಟಳು. ಮುಕ್ಕಾಲು ಪಾಲು ಹಾಗೇ ಇತ್ತು. ವಿಟಮಿನ್ ತಾನೇ, ಮರೆತರೆ ಏನು ಮುಳುಗಿಹೋಯಿತು ಎಂದೆ.

"ಈಗೇನೂ ಮುಳುಗ್ನಿಲ್ಲ ಬುಡಿ. ಆ ಮಾತ್ರೆ ಬಂದ್ಮೇಲೂ ನೀವು ಮರೀತೀರಿ. ಮರ್ತೋರು ನೀವಾದ್ರೂ ಒಟ್ಟೆ ಮುಂದಕ್ ಬರೋದು ನಂದು ಕಣ್ರೀ."

ಕೋಪದಿಂದ ಹೇಳಿದ್ದರೆ ನಾನೂ ಜಗಳಕ್ಕೆ ಬಿದ್ದು ಪಾರಾಗಬಹುದಿತ್ತು. ಅವಳು ತಣ್ಣಗೆ ಹೇಳಿದಳು. ನನಗೆ ನಿಜವಾಗಿ ನಾಚಿಕೆಯಾಯಿತು. ಆ ವಾರವೇ ಮಂಡ್ಯಕ್ಕೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದೆ. ಇನ್ನು ಜೀವಮಾನವಿಡೀ ಯಾರೂ ಏನನ್ನೂ ನೆನಪಿಡಬೇಕಾಗಿಲ್ಲ ಎಂದು ವೀರನಂತೆ ಮಂಚದ ಮೇಲೆ ಒರಗಿದೆ. ಡಾಕ್ಟರು ಇನ್ನೇನು ಹೇಳಿದರು ಎಂದು ಸಾಕಮ್ಮ ಕೇಳಿದಳು. ಏನೋ ಹೇಳಿದರು, ಜ್ಞಾಪಕವಿಲ್ಲ ಎಂದೆ. ಅವಳೇ ಬಸ್ಸು ಹತ್ತಿ ಹೋಗಿ ಕೇಳಿಕೊಂಡು ಬಂದಳು. ಆಪರೇಷನ್ ಆದ ಕೂಡಲೇ ಎಲ್ಲ ಮುಗಿಯುವುದಿಲ್ಲವಂತೆ. ಕೆಲವು ತಿಂಗಳು ಹುಷಾರಾಗಿದ್ದು, ನಾನು ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಬೇಕಂತೆ. ಅಲ್ಲಿಯವರೆಗೂ ಮರೆಯದೆ ಮಾತ್ರೆ ನುಂಗಿದವಳು ಅವಳೇ.