ಮಾವನ ಕೆನ್ನೆ, ಗಿಟಾರಿನ ಕುತ್ತಿಗೆ

ನಮ್ಮ ಮಾವ ನಿಮ್ಮ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ನಿಮ್ಮ ಬಾಗಿಲಿಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿ ನಿಂತರೆ ಗಾಬರಿಯಾಗಬೇಡಿ. ಅವರಿಗೆ ತಲೆ ಸುತ್ತಿಲ್ಲ, ಭಕ್ತಿ ಉಕ್ಕಿಲ್ಲ, ಒಳಗಿನ ಮಾತು ಕದ್ದು ಕೇಳುವ ಚಟವೂ ಇಲ್ಲ. ನಿಮ್ಮ ಬಾಗಿಲು ನುಣುಪಾಗಿದೆಯೋ ಇಲ್ಲವೋ ನೋಡುತ್ತಿದ್ದಾರೆ, ಅಷ್ಟೇ! ಇಲ್ಲವೆಂದು ತೀರ್ಮಾನವಾದರೆ ಮಾತ್ರ ಸ್ವಲ್ಪ ಗಾಬರಿಯಾಗಿ. ಅವರ ಜೇಬಿನಲ್ಲಿ ಸದಾ ಒಂದು ತುಂಡು ಉಪ್ಪುಕಾಗದ ಇರುತ್ತದೆ.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಸ್ಟೀಲಿನ ಸಾಮಾನನ್ನು ತಿಕ್ಕಿ ತಿಕ್ಕಿ ಕನ್ನಡಿ ಮಾಡುವ ಪಾಲಿಶ್ ವಿಭಾಗದಲ್ಲಿ ಜೀವಮಾನ ಕಳೆದವರು. ನಿವೃತ್ತಿಯಾದ ಮೇಲೆ ಕಾರ್ಖಾನೆ ಅವರನ್ನು ಬಿಟ್ಟಿತು, ಅವರು ತಿಕ್ಕುವುದನ್ನು ಬಿಡಲಿಲ್ಲ. ಮಲ್ಲತ್ತಹಳ್ಳಿಯಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋದಾಗ ಎಲ್ಲರೂ ಹೋಳಿಗೆಯ ಪಂಕ್ತಿಯಲ್ಲಿ ಕೂತರೆ ಇವರು ಹೊಸಿಲಲ್ಲೇ ಕೂತಿದ್ದರು. ಕರೆಯಲು ಹೋದವರಿಗೆ, "ನೀವು ಶುರು ಮಾಡ್ಕೊಳಿ, ನಿಮ್ಮ ಬಾಗ್ಲು ಮುಗಿಸಿ ಬಂದ್ಬಿಡ್ತೀನಿ" ಎಂದರಂತೆ!

ವಿಜಯನಗರದಲ್ಲಿ ಮೆಟ್ರೋ ಹತ್ತಿದಾಗ ಒಳಗಿನ ಕಂಬಕ್ಕೂ ಕೆನ್ನೆ ಕೊಟ್ಟು ನಿಂತರು. ಪಕ್ಕದ ಹುಡುಗಿ ಪಾಪ ಹೆದರಿ ಸೀಟು ಬಿಟ್ಟು ಎದ್ದಳು.

"ಅಂಕಲ್, ಹುಷಾರಿಲ್ವಾ?"

"ನಾನು ಹುಷಾರಾಗೇ ಇದೀನಮ್ಮಾ. ಈ ಕಂಬಕ್ಕೇ ಹುಷಾರಿಲ್ಲ."

ಇಂಥವರ ಮನೆಗೆ ನನ್ನ ಗಿಟಾರ್ ಹೋಯಿತು. ನಡೆದದ್ದು ಇಷ್ಟು. ಅತ್ತೆ ಬೆಳಗ್ಗೆ ಬಾಗಿಲಿಗೆ ನೀರು ಹಾಕುವಾಗ ಮೆಟ್ಟಿಲ ಮೇಲೆ ಜಾರಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡರು. (ಹೌದು, ಆ ಮೆಟ್ಟಿಲನ್ನು ನುಣುಪು ಮಾಡಿದವರು ಯಾರೆಂದು ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ.) ಕಟ್ಟು ಬಿಚ್ಚಿದ ಮೇಲೂ ಬೆರಳು ಸರಿಯಾಗಿ ಮಡಚಲು ಬರಲಿಲ್ಲ. ಆಡಿಸುತ್ತಿರದಿದ್ದರೆ ಹಾಗೇ ನಿಂತುಬಿಡುತ್ತವೆ ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರು. ಅತ್ತೆ ಅದನ್ನು ಎದುರು ಮನೆಯ ನಾಯಿಗೆ ಕೊಟ್ಟರು. ನಾನು ಸಜ್ಜಾದ ಮೇಲಿದ್ದ ನನ್ನ ಕಾಲೇಜು ಕಾಲದ ಗಿಟಾರನ್ನು ಧೂಳು ಕೊಡವಿ ತಂದುಕೊಟ್ಟೆ. ಅದು ಮಾತ್ರ ಹಿಡಿಸಿಬಿಟ್ಟಿತು! ಒಗ್ಗರಣೆ ಸೀದರೂ ಗಿಟಾರ್ ಬಿಡರು. ಬಡಾವಣೆಯ ರಾಜ್ಯೋತ್ಸವಕ್ಕೆ ಹೆಸರನ್ನೂ ಕೊಟ್ಟುಬಂದರು.

ಆದರೆ ಗಿಟಾರಿನ ಕುತ್ತಿಗೆ, ಅಂದರೆ ತಂತಿಗಳ ಹಿಂದೆ ಎಡಗೈ ಹಿಡಿಯುವ ಉದ್ದನೆಯ ಮರ, ಅತ್ತೆಗೆ ಒಲಿಯಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಕೈ ಸರಿಯುವಾಗ ಹೆಬ್ಬೆರಳು ವಾರ್ನಿಶ್‌ಗೆ ಅಂಟಿಕೊಂಡು ನಿಲ್ಲುತ್ತಿತ್ತು. "ಜಾರೋದೇ ಇಲ್ಲ ಕಣೋ. ಕೈ ಎಳ್ಕೊಂಡ್ರೆ ಮಣಿಕಟ್ಟು ನೋಯುತ್ತೆ. ಸಾಕಪ್ಪಾ, ಹೆಸರು ತೆಗೆಸಿಬಿಡ್ತೀನಿ. ನೀನು ವಾಪಸ್ ತಗೊಂಡೋಗು" ಎಂದರು. ಹೇಳುವಾಗ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು. ನನಗೆ ಸಂಕಟವಾಯಿತು. ಗಿಟಾರ್ ಸಜ್ಜಾ ಸೇರಿದರೆ ಆ ಬೆರಳುಗಳ ಕಥೆಯೂ ಮುಗಿದಂತೆಯೇ.

ಮಾವ ಗಿಟಾರಿನ ಕುತ್ತಿಗೆಗೆ ಕೆನ್ನೆ ಕೊಟ್ಟರು. "ಇದ್ಯಾವ ಮಹಾ!" ಎಂದು ಅದೇನೇನೋ ಮೇಣ ಹಚ್ಚಿ ಪಾಲಿಶ್ ಹೊಡೆದರು. ಅತ್ತೆ ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಳ್ಳಬಹುದಿತ್ತು. ನುಡಿಸಲು ಹೋದರೆ ಹೆಬ್ಬೆರಳು ಹಲಸಿನ ಮೇಣಕ್ಕೆ ಸಿಕ್ಕಂತೆ ಇನ್ನಷ್ಟು ಕಚ್ಚಿಕೊಂಡಿತು!

ಮಾವನ ಮುಖ ನೋಡಬೇಕಿತ್ತು. ಹೊಳೆಯುವುದು ಜಾರಬೇಕಲ್ಲವೇ? ಯಾಕೆ ಜಾರುತ್ತಿಲ್ಲ? ಮನೆಯಲ್ಲಿದ್ದ ಸಾಮಾನೆಲ್ಲ ಒಂದೊಂದಾಗಿ ಅವರ ಕೆನ್ನೆಗೆ ಬಂತು. ಲೋಟ, ಸೌಟು, ಕುಕ್ಕರಿನ ಮುಚ್ಚಳ. ಕೊನೆಗೆ ಅತ್ತೆ ಚಪಾತಿ ಒತ್ತುತ್ತಿದ್ದ ಲಟ್ಟಣಿಗೆಯನ್ನೇ ಕಿತ್ತುಕೊಂಡು ಕೆನ್ನೆಯ ಮೇಲೆ ಉರುಳಿಸಿದರು. ಹಿಟ್ಟು ಮೆತ್ತಿದ ಮುಖದಲ್ಲೇ ಕೂಗಿದರು: "ಲೇ, ಇದು ಒಂಚೂರೂ ಹೊಳೆಯಲ್ಲ ಕಣೇ! ಆದ್ರೂ ಹೆಂಗೆ ಜಾರುತ್ತೆ ನೋಡು!"

"ಅದಕ್ಕೆ ನೀವು ಪಾಲಿಶ್ ಹೊಡ್ದಿಲ್ವಲ್ಲ ರೀ, ಅದಕ್ಕೇ" ಎಂದರು ಅತ್ತೆ.

ಮಾವನಿಗೆ ದಾರಿ ಸಿಕ್ಕಿತು. ಆದರೆ ಹೊಳಪು ತೆಗೆಯುವುದು ಎಲ್ಲಿಂದ ಎಲ್ಲಿಯವರೆಗೆ? ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿ ಕುತ್ತಿಗೆಗೆ ಬಳಿದು, "ನುಡ್ಸು" ಎಂದರು. ಅತ್ತೆಯ ಅಂಗೈ ನೀಲಿಯಾಯಿತು, ನನ್ನ ಗಿಟಾರ್ ನೀಲಿಯಾಯಿತು. ಕೈ ಆಡಿದ ಕಡೆಯೆಲ್ಲ ನೀಲಿ ಅಳಿಸಿಹೋಗಿತ್ತು. ಅಲ್ಲಿಗೆ ಪೆನ್ಸಿಲಿನಿಂದ ಗೆರೆ ಎಳೆದು, ತಂತಿ ಬಿಚ್ಚಿ, ಉಳಿದ ಭಾಗಕ್ಕೆ ಟೇಪು ಸುತ್ತಿದರು. ಅತಿ ಸಣ್ಣ ಕಣದ ಉಪ್ಪುಕಾಗದವನ್ನು ಮರದವರೆಗೆ ತಂದವರು ಮಾತ್ರ ಮತ್ತೆ ಹಿಂದಕ್ಕೆ ತೆಗೆದರು.

"ಏನಾಯ್ತು ಮಾವ?"

"ಹೊಳೆಯೋದನ್ನ ಯಾವತ್ತೂ ಮಂಕು ಮಾಡಿಲ್ಲ ಕಣೋ" ಎಂದು ನಿಟ್ಟುಸಿರು ಬಿಟ್ಟು ತಿಕ್ಕತೊಡಗಿದರು.

ರಾಜ್ಯೋತ್ಸವದ ಸಂಜೆ ಅತ್ತೆಯ ಕೈ ಆ ಮಂಕು ಮರದ ಮೇಲೆ ಸಲೀಸಾಗಿ ಓಡಾಡಿತು. ಎರಡು ಕಡೆ ತಪ್ಪಿದರು, ನಕ್ಕರು, ಮತ್ತೆ ಹಿಡಿದರು. ಪೆಂಡಾಲಿಗೆ ಪೆಂಡಾಲೇ ಚಪ್ಪಾಳೆ! ವೇದಿಕೆಯ ಹಿಂದೆ ಯಾರೋ ಹೊಗೆಯಾಡುವ ಕಾಫಿ ತಂದುಕೊಟ್ಟರು. ಸ್ಟೀಲ್ ಲೋಟ ಮುಟ್ಟಿ ನಾನು ಚುರುಕ್ಕೆಂದು ಕೈ ಹಿಂದೆಳೆದೆ. ಮಾವ ಅದನ್ನೇ ಅಂಗೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತಿದ್ದರು.

"ಮಾವ, ಸುಡ್ತಿಲ್ವಾ?"

ಅತ್ತೆ ಲೋಟವನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. "ಅವ್ರ ಕೈಗೆ ಏನೂ ಗೊತ್ತಾಗಲ್ಲ ಕಣೋ. ಕಾರ್ಖಾನೇಲಿ ತಿಕ್ಕೀ ತಿಕ್ಕೀ ಯಾವತ್ತೋ ಮರಗಟ್ಟೋಗಿದೆ. ಮತ್ಯಾಕೆ ಎಲ್ಲಾನೂ ಕೆನ್ನೇಲಿ ನೋಡ್ತಾರೆ ಅಂದ್ಕೊಂಡಿದ್ದೆ?"

ಇಷ್ಟು ವರ್ಷ ನಕ್ಕಿದ್ದೆನೇ ಹೊರತು ಕೇಳಿರಲಿಲ್ಲ.

ಮಾವ ಇದಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆಯ ಎಡಗೈ ಹಿಡಿದು, ಅಷ್ಟು ಜನರ ಮಧ್ಯೆ, ಬೆರಳ ತುದಿಗಳನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ತಂತಿ ಒತ್ತಿ ಒತ್ತಿ ಅಲ್ಲಿ ಚರ್ಮ ಜಡ್ಡುಗಟ್ಟಿತ್ತು.

"ಒರಟಾಗಿದೆ" ಎಂದರು. ಇನ್ನೊಂದು ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಅಲ್ಲೇ ನಿಂತಿತು.

"ಇರ್ಲಿ ಬಿಡು. ಇದು ಹಿಂಗೇ ಇರ್ಲಿ."