ಮಣಿಕಟ್ಟಿಗೊಂದು ಕುರ್ಚಿ

ಕುರ್ಚಿಯೇನೋ ಬಂತು, ಆದರೆ ಡಬ್ಬದೊಳಗೆ ತುಂಡುತುಂಡಾಗಿ ಬಂತು. ಎಲ್ಲ ತಾಪತ್ರಯಕ್ಕೂ ಅದೇ ಮೂಲ.

ನಮ್ಮ ಗುಮಾಸ್ತರು ವರ್ಷಗಟ್ಟಲೆ ಮುರುಕು ಕುರ್ಚಿಯಲ್ಲಿ ಕೂತು, ಗ್ರಾಹಕರ ವಿಳಾಸಗಳನ್ನು ಕಂಪ್ಯೂಟರಿಗೆ ಕುಟ್ಟಿ ಕುಟ್ಟಿ ಬಲಗೈ ಮಣಿಕಟ್ಟನ್ನು ಕೆಡಿಸಿಕೊಂಡಿದ್ದರು. ಮನೆಯಲ್ಲಿ ಹಸುಗೂಸು ಮಗಳು. ಎತ್ತಿಕೊಳ್ಳಲು ಹೋದರೆ ಅತ್ತೆ, "ಬೇಡಪ್ಪಾ, ನಿಮ್ಮ ಕೈ ನಡುಗುತ್ತೆ" ಎಂದು ಕಸಿದುಕೊಳ್ಳುತ್ತಿದ್ದರು. ಪಾಪ, ಹೆತ್ತ ಅಪ್ಪ ನೆಂಟರ ಹಾಗೆ ದೂರದಿಂದ ನೋಡಬೇಕು!

"ತೋಳಿಗೆ ಆಸರೆ ಇರೋ ಕುರ್ಚಿ ಹಾಕಿಸ್ಕೊಳ್ಳಿ. ಕೈ ತಿರುಚೋ ಕೆಲಸ ಮಾತ್ರ ಬೇಡ. ಬೇಗ ಮಗೂನ ಎತ್ಕೋಬಹುದು" ಎಂದಿದ್ದರು ಡಾಕ್ಟರು.

ಮ್ಯಾನೇಜರು ದೊಡ್ಡ ಮನಸ್ಸು ಮಾಡಿ ಎದುರಿನ ಅಂಗಡಿಯಿಂದ ಕುರ್ಚಿ ತರಿಸಿದರು. ಆದರೆ ಯಾರ ಸಾಮಾನೋ ಅವರೇ ಜೋಡಿಸಿಕೊಳ್ಳುವುದು ಆ ಕಚೇರಿಯ ಪದ್ಧತಿ. ಗುಮಾಸ್ತರು ಪಕ್ಕದ ಮೇಜಿನ ಸಹೋದ್ಯೋಗಿಯನ್ನು ಅಂಗಲಾಚಿದರು. ಅವನಿಗೆ 'ಎಲ್ಲಾಬಲ್ಲ' ಎಂದೇ ಹೆಸರು.

"ಒಂಚೂರು ತಿರುಪು ಬಿಗಿ ಮಾಡ್ಕೊಡೋ ಮಾರಾಯ."

"ಅಯ್ಯೋ, ನೀವು ತಿರುಗಿಸಿ, ನಾನು ಹೇಳ್ತೀನಿ. ಎಡಕ್ಕೆ!"

"ಬಲಕ್ಕೆ ರೀ!" ಎಂದರು ಲೆಕ್ಕಪತ್ರದ ಮೇಡಂ.

ಮಧ್ಯಾಹ್ನದ ಹೊತ್ತಿಗೆ ಕುರ್ಚಿ ಎದ್ದು ನಿಂತಿತು, ಬೆನ್ನು ಹಿಂದುಮುಂದಾಗಿ. ಬಿಚ್ಚಿ ಮತ್ತೆ ಜೋಡಿಸುವಷ್ಟರಲ್ಲಿ ಮಣಿಕಟ್ಟು ಹುಳಿ ಬಂದ ಹಿಟ್ಟಿನಂತೆ ಊದಿತ್ತು.

ಇನ್ನೇನು ಕೂರಬೇಕು, ಎಲ್ಲಾಬಲ್ಲ "ತಡೀರಿ, ಗಟ್ಟಿ ಇದೆಯಾ ನೋಡ್ತೀನಿ" ಎಂದು ಕೂತೇಬಿಟ್ಟ. ಆಮೇಲೆ ಮೇಡಂ, ಆಮೇಲೆ ಇಡೀ ಕಚೇರಿ.

"ಆಹಾ! ನಂಗೂ ಮೊನ್ನೆಯಿಂದ ಬೆರಳು ಜುಮ್ ಅಂತಿತ್ತು ಕಣ್ರೀ."

"ನಂಗಂತೂ ಭುಜಾನೇ ಎತ್ತೋಕಾಗಲ್ಲ!"

ಹೀಗೆ ಹೇಳಿಕೊಳ್ಳುತ್ತಾ ಎಲ್ಲರೂ ಮ್ಯಾನೇಜರ ಕೋಣೆಗೆ ನುಗ್ಗಿದರು. ಸದ್ಯ, ಪೀಡೆ ತೊಲಗಿತು ಎಂದು ಗುಮಾಸ್ತರು ಕುರ್ಚಿಗೆ ಒರಗಿದರು. ಎಂಥಾ ಸುಖ! ಊದಿದ ಕೈ ಇವತ್ತಲ್ಲ ನಾಳೆ ಇಳಿದೀತು. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಡಬ್ಬದಲ್ಲಿದ್ದ ಸ್ಪಂಜಿನ ಸುರುಳಿಯನ್ನು ತೋಳಿನ ಮೇಲೆ ಮಲಗಿಸಿಕೊಂಡು ಮೆಲ್ಲಗೆ ತೂಗಿದರು. ಅವರ ಕಣ್ಣು ತುಂಬಿ ಬಂತು.

"ಭಲೇ!" ಮ್ಯಾನೇಜರ ದನಿ. "ನಿಮ್ಮಿಂದ ನಮ್ಮ ಕಣ್ಣು ತೆರೀತು ನೋಡಿ. ಪಾಪ, ಎಲ್ಲರಿಗೂ ಕೈನೋವಂತೆ. ಎದುರಿನ ಅಂಗಡಿಯಿಂದ ಆಗಲೇ ಎಲ್ಲರಿಗೂ ಇಂಥದ್ದೇ ತರಿಸಿದ್ದೀನಿ."

ಅವರ ಹಿಂದೆ, ಬಾಗಿಲಿನಿಂದ ಮೆಟ್ಟಿಲವರೆಗೂ ಡಬ್ಬಗಳ ಸಾಲು.

"ಬಹಳ ಸಂತೋಷ ಸಾರ್" ಎಂದರು ಗುಮಾಸ್ತರು.

"ಆದರೆ ನೋವಿರೋರ ಕೈಲಿ ತಿರುಪು ಹಾಕಿಸಿದ್ರೆ ಪಾಪ ಬರುತ್ತೆ ಕಣ್ರೀ. ಈ ಸಲ ಪದ್ಧತಿ ಬೇಡ. ನಿಮಗೆ ಕುರ್ಚಿ ಬಂದಾಯ್ತು, ಕೈಯೂ ಪಳಗಿದೆ. ಅಷ್ಟನ್ನೂ ನೀವೇ ಜೋಡಿಸಿಬಿಡಿ."

ಗುಮಾಸ್ತರು ಸ್ಪಂಜಿನ ಸುರುಳಿಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದರು. ಏಳುವುದನ್ನೇ ಕಾಯುತ್ತಿದ್ದವನಂತೆ ಎಲ್ಲಾಬಲ್ಲ ಕುರ್ಚಿಯಲ್ಲಿ ಕೂತು, ತೋಳುಗಳನ್ನು ಆಸರೆಯ ಮೇಲೆ ಚಾಚಿದ.

"ನೀವೇನೂ ಯೋಚನೆ ಮಾಡ್ಬೇಡಿ. ನಾನು ಇಲ್ಲೇ ಕೂತು ಹೇಳ್ತಿರ್ತೀನಿ. ಹೂಂ, ಎಡಕ್ಕೆ!"