ಹೊಸ್ತಿಲಾಚೆ ಹನ್ನೊಂದು ಸಂಜೆ

ಐದಡಿ ಎರಡಂಗುಲ. ಬಣ್ಣ ಬಿಡದ, ಇಸ್ತ್ರಿ ಕೇಳದ, ಎಷ್ಟು ಒಗೆದರೂ ಕುಗ್ಗದ ಗಟ್ಟಿ ಹತ್ತಿ. ಪರದೆ ಅಂಗಡಿಯ ಸಾಹುಕಾರರು ಮದುವೆಯಾದ ವಾರದಲ್ಲೇ ಹೆಂಡತಿಯನ್ನು ಹೀಗೆ ಅಳೆದು, ಮನಸ್ಸಿನ ಕಪಾಟಿನಲ್ಲಿ ಮಡಿಸಿಟ್ಟಿದ್ದರು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಯಾವ ಬಣ್ಣ ಕೇಳುತ್ತಾನೆ, ಎಷ್ಟು ಮೀಟರ್ ಒಯ್ಯುತ್ತಾನೆ ಎಂದು ಹೇಳಬಲ್ಲ ಮಹಾನುಭಾವರು. ಒಮ್ಮೆ ಅಳೆದದ್ದಕ್ಕೆ ಮತ್ತೆ ಟೇಪು ಹಿಡಿಯುವ ಪದ್ಧತಿ ಅವರಲ್ಲಿಲ್ಲ.

ಈ ಹತ್ತಿಯಲ್ಲಿ ಒಂದೇ ಒಂದು ಜರಿ ಎಳೆ ಅವರ ಕಣ್ಣಿಗೆ ಬಿದ್ದಿತ್ತು. ಹಗಲೆಲ್ಲ ಹಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಪಕ್ಕ ನಿಂತು ಊರವರ ಬಾಯಿ ನೋಡುವ ಈಕೆ, ಮನೆಗೆ ಬಂದು ಉದ್ದ ಹಲ್ಲಿನ ವ್ಯಾಂಪೈರ್ ಒಬ್ಬನ ಪ್ರೇಮಕಥೆ ಓದುತ್ತಿದ್ದಳು. ಒಂದೇ ಕಾದಂಬರಿ, ನಾನೂರು ಪುಟ, ಒಂಬತ್ತು ವರ್ಷದಿಂದ.

"ರೀ, ಇದರಲ್ಲಿ ಬಾಗಿಲ ಹತ್ರ ನಡೆಯೋ ಒಂದು ಭಾಗ ಇದೆ. ಅದೊಂದನ್ನಾದ್ರೂ ಓದಿ ಹೇಳ್ಲಾ?"

"ಉಂಡ ಮೇಲೆ ರಕ್ತ ಕುಡಿಯೋನ ಕಥೆ ಯಾಕೇ?" ಎಂದು ಸಾಹುಕಾರರು ಆಕಳಿಸುತ್ತಿದ್ದರು.

ಕೊನೆಗೆ ಆ ಕಾದಂಬರಿ ಸಿನಿಮಾ ಆಯಿತು. ಸಾಹುಕಾರರು ಎದೆ ತಟ್ಟಿಕೊಂಡರು. "ನೀನು ಒಂಬತ್ತು ವರ್ಷ ಓದಿದ್ದನ್ನ ನಾನು ಎರಡು ಗಂಟೆಯಲ್ಲಿ ಮುಗಿಸ್ತೀನಿ ನೋಡು. ಸಿನಿಮಾ ನೋಡಿದ್ರೆ ಪುಸ್ತಕ ಓದಿದ ಹಾಗೇ ತಾನೆ?"

ಆಕೆ ಸ್ವಲ್ಪ ಯೋಚಿಸಿದಳು. "ಬಾಗಿಲಿನ ಭಾಗ ಬಂದಾಗ ಮಾತ್ರ ಮಾತಾಡ್ಬೇಡಿ. ಅಷ್ಟು ಸಾಕು."

ಭಾನುವಾರ ಮಧ್ಯಾಹ್ನದ ಆಟ. ಸಾಹುಕಾರರು, ಮನೆಯಾಕೆ, ಆಚೆ ಬದಿಗೆ ಡಾಕ್ಟರಮ್ಮ. ಆಕೆಯೂ ಆ ಪುಸ್ತಕಕ್ಕೆ ಮರುಳಾದವಳೇ; ಅಳುವುದಕ್ಕೆಂದು ಎರಡು ಕರವಸ್ತ್ರ ತಂದಿದ್ದಳು. ಸಾಹುಕಾರರು ಅರ್ಧ ಗಂಟೆ ತುಟಿ ಹೊಲಿದುಕೊಂಡೇ ಕೂತರು. ಆಮೇಲೆ ನಾಯಕ ತಿರುಗಿ ನಿಂತ. ಅವನ ಕಪ್ಪು ನಿಲುವಂಗಿ ಪರದೆಯ ತುಂಬ ಹರಡಿತು. ಸಾಹುಕಾರರ ಹೆಬ್ಬೆರಳು ತೋರುಬೆರಳು ತಾವಾಗಿಯೇ ಉಜ್ಜಿಕೊಂಡವು.

"ಅಯ್ಯೋ, ಪಾಲಿಯೆಸ್ಟರ್."

ಪಿಸುಮಾತೇ. ಆದರೆ ಮೂವತ್ತು ವರ್ಷ ಗಿರಾಕಿಗಳನ್ನು ಕೂಗಿ ಕರೆದ ಗಂಟಲಿನ ಪಿಸುಮಾತು.

"ಏನಂದ್ರಿ ಸಾಹುಕಾರ್ರೇ?" ಹಿಂದಿನ ಸಾಲಿನವರು ಬಗ್ಗಿದರು.

"ನಾನೂರು ವರ್ಷದ ಹಿಂದೆ ಹೊಲಿಸಿದ್ದಂತೆ. ಅಂಚು ನೋಡಿ, ಮೆಷಿನ್ ಹೊಲಿಗೆ. ಇವನು ಅಮರ ಇರಬಹುದು, ಬಟ್ಟೆ ಎರಡು ಒಗೆತಕ್ಕೆ ಬರಲ್ಲ."

ಸಾಲು ನಕ್ಕಿತು. ನಗು ಕೇಳಿದ ವ್ಯಾಪಾರಿಯನ್ನು ತಡೆಯುವವರುಂಟೆ? ನಾಯಕ ಬಿಸಿಲಿಗೆ ಹೆದರಿ ಮೂಲೆ ಸೇರಿದರೆ, "ನಮ್ಮಲ್ಲಿಗೆ ಬಂದಿದ್ರೆ ಬೆಳಕು ನುಗ್ಗದ ಪರದೆ ಕೊಡ್ತಿದ್ದೆ." ನಾಯಕಿ ಕಿಟಕಿ ತೆರೆದರೆ, "ಅದಕ್ಕೆ ಆರು ಮೀಟರ್ ಬೇಕು." ಯಾರೋ ಅಂಗಡಿಯ ವಿಳಾಸ ಕೇಳಿದರು. ಸಾಹುಕಾರರು ಜೇಬಿನಿಂದ ಕಾರ್ಡು ತೆಗೆದರು. ಅದು ಕೆಳಗೆ ಬಿತ್ತು. ಅದನ್ನು ಹುಡುಕಲು ಕುರ್ಚಿಯಡಿ ತಲೆ ತೂರಿಸಿದರು.

ಬಾಗಿಲಿನ ಭಾಗ ಬಂದದ್ದು ಆಗಲೇ. ನಾಯಕ ಬಾಗಿಲು ಬಡಿದ, ನಾಯಕಿ ತೆರೆದು "ಒಳಗೆ ಬಾ" ಅಂದಳು, ಅವನು ಬಂದ. ಹಾಡು ಶುರುವಾಯಿತು.

"ಮುಗೀತಾ?" ಎಂದಳು ಮನೆಯಾಕೆ.

"ಮುಗೀತು ಕಣೇ," ಎಂದಳು ಡಾಕ್ಟರಮ್ಮ. ಎರಡು ಕರವಸ್ತ್ರವೂ ಮಡಿಕೆ ಬಿಚ್ಚಿರಲಿಲ್ಲ.

ಸಾಹುಕಾರರು ಕಾರ್ಡು ಹಿಡಿದು ಮೇಲೆದ್ದಾಗ ಹೆಂಡತಿ ಅವರ ಕಡೆ ನೋಡಲಿಲ್ಲ. ದಾರಿಯಲ್ಲಿ ಒಂದೇ ಮಾತು: "ಅವನ ಹಲ್ಲು ಸರಿಯಾಗಿ ಕೂತಿರಲಿಲ್ಲ."

ಸಮಾಧಾನ ಹೇಳೋಣವೆಂದು ಸಾಹುಕಾರರು ಬಾಯಿಬಿಟ್ಟರು, ಅದೇ ಎಡವಟ್ಟು. "ಹೋಗ್ಲಿ ಬಿಡು. ಇಂಥಾ ಕಥೇನ ಒಂಬತ್ತು ವರ್ಷ ಓದಿದ್ಯಲ್ಲ, ನಿನ್ನ ತಾಳ್ಮೆ ದೊಡ್ಡದು."

"ಇಂಥಾ ಕಥೆ ಅನ್ನಿಸ್ತಾ ನಿಮಗೆ? ಸರಿ."

ಮರುದಿನ ಬೆಳಿಗ್ಗೆ ಊಟದ ಮೇಜಿನ ಗಿಡ್ಡ ಕಾಲಿನ ಕೆಳಗೆ ಆ ಕಾದಂಬರಿ ಇತ್ತು.

"ನೋಡಿ, ಈಗ ಅಲ್ಲಾಡಲ್ಲ," ಎಂದು ಆಕೆ ಮೇಜನ್ನು ಒತ್ತಿ ತೋರಿಸಿದಳು. ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ. ಸಿಟ್ಟಿದ್ದರೆ ಚೌಕಾಸಿಗೆ ಜಾಗವಿರುತ್ತಿತ್ತು.

ಮೇಜು ಗಟ್ಟಿಯಾಯಿತು, ಅಲ್ಲಾಡಿದವರು ಸಾಹುಕಾರರು. ಅಂಗಡಿಯಲ್ಲಿ ಪಾಲಿಯೆಸ್ಟರ್ ಜೋಕಿಗೆ ವಾರವಿಡೀ ಬೇಡಿಕೆ. ಮನೆಯಲ್ಲಿ ಮಾತ್ರ ಹೆಂಡತಿ ಸಂಜೆ ಹೊತ್ತು ಬರಿಗೈಲಿ ಕೂತಿರುತ್ತಿದ್ದಳು. ಒಂಬತ್ತು ವರ್ಷದಲ್ಲಿ ಆ ಕೈಗಳು ಅಷ್ಟು ಖಾಲಿಯಾಗಿದ್ದುದನ್ನು ಅವರು ನೋಡಿರಲಿಲ್ಲ. ಶನಿವಾರ, ಆಕೆ ಆಸ್ಪತ್ರೆಗೆ ಹೋದ ಮೇಲೆ, ಮೇಜಿನ ಕಾಲು ಎತ್ತಿ ಕಾದಂಬರಿ ತೆಗೆದು, ಬಟ್ಟೆ ಮಾದರಿಗಳ ಹಳೆಯ ಪುಸ್ತಕವೊಂದನ್ನು ಅಲ್ಲಿ ತುರುಕಿದರು.

ಅಂಗಡಿಯಲ್ಲಿ ಗಲ್ಲಾದ ಮರೆಗೆ ಓದಲು ಕೂತರು. ಗಿರಾಕಿಯೊಬ್ಬ ಬಂದು ಒಂದಿಷ್ಟೂ ಬಿಸಿಲು ಬಾರದ ಪರದೆ ಕೇಳಿದಾಗ, ಸಾಹುಕಾರರು ತಲೆಯೆತ್ತಿ ಆತನ ಹಲ್ಲು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಬಾಗಿಲಿನ ಭಾಗ ಸಿಕ್ಕಿತು. ಸಿನಿಮಾದವರು ಅರ್ಧ ನಿಮಿಷಕ್ಕೆ ಕತ್ತರಿಸಿದ್ದು ಇಲ್ಲಿ ನಲವತ್ತು ಪುಟ. ಮನೆಯವರು ಕರೆಯದೆ ವ್ಯಾಂಪೈರ್ ಹೊಸ್ತಿಲು ದಾಟುವಂತಿಲ್ಲ. ಹತ್ತು ಸಂಜೆ ಬಂದು ಹೊರಗೇ ನಿಂತು, ನಾಯಕಿಯ ಮಾತು ಕೇಳಿ ಹೋಗುತ್ತಾನೆ, ಬೇರೇನೂ ಕೇಳುವುದಿಲ್ಲ. ಹನ್ನೊಂದನೆಯ ಸಂಜೆ ಆಕೆಯೇ ಕರೆಯುತ್ತಾಳೆ.

ಪುಟದ ಅಂಚಿನಲ್ಲಿ ಹೆಂಡತಿಯ ಅಕ್ಷರ. ಮಾಸಿದ ಪೆನ್ಸಿಲ್: "ಇದನ್ನು ಇವರಿಗೆ ಓದಿ ಹೇಳಬೇಕು." ಕೆಳಗೆ ನೀಲಿ ಶಾಯಿ: "ಇವತ್ತು ನಿದ್ದೆ ಬಂದುಬಿಟ್ಟಿದೆ ಇವರಿಗೆ." ಅದರ ಕೆಳಗೆ, ಹೊಸದಾಗಿ: "ಸಿನಿಮಾ ಬರುತ್ತಂತೆ. ಹಾಗಾದರೂ ಆಗಲಿ."

ಸಾಹುಕಾರರು ಅದನ್ನು ಮೂರು ಸಲ ಓದಿದರು. ಬೆರಳುಗಳು ಪುಟವನ್ನು ಉಜ್ಜಿ ನೋಡಿದವು. ಮಾಲು ಯಾವುದೆಂದು ಗೊತ್ತಾಗಲಿಲ್ಲ.

ಸಂಜೆ ಬೇಗ ಅಂಗಡಿ ಮುಚ್ಚಿ ಮನೆಗೆ ಬಂದರು. ಬಾಗಿಲು ತೆರೆದೇ ಇತ್ತು. ಚಪ್ಪಲಿ ಬಿಟ್ಟು, ಕಾಲೊರಸಿನ ಮೇಲೆ ನಿಂತುಬಿಟ್ಟರು.

"ರೀ, ಯಾಕೆ ಅಲ್ಲೇ ನಿಂತ್ರಿ?"

"ಕರೆಯದೆ ದಾಟೋ ಹಾಗಿಲ್ಲ."

ಆಕೆ ಅವರ ಕಂಕುಳಲ್ಲಿದ್ದ ಪುಸ್ತಕ ನೋಡಿದಳು. ಆಮೇಲೆ ಅವರ ಮುಖ.

"ಎಷ್ಟನೇ ಸಂಜೆ ಕರೆದಳು ಅವಳು?"

"ಹನ್ನೊಂದನೇ ಸಂಜೆ."

"ಇವತ್ತು ಎಷ್ಟನೇದು?"

ಗಿರಾಕಿಯನ್ನು ಮೆಟ್ಟಿಲಲ್ಲೇ ಅಳೆಯುವ ಮನುಷ್ಯ ತಡವರಿಸಿದರು. "ಮೊದಲನೇದು."

"ಹಾಗಾದ್ರೆ ಅಲ್ಲೇ ಕೂತ್ಕೊಳ್ಳಿ. ಪುಸ್ತಕ ಇಲ್ಲಿ ಕೊಡಿ."

ಆಕೆ ಹೊಸ್ತಿಲ ಒಳಗೆ ಕೂತು ಓದಿದಳು. ಸಾಹುಕಾರರು ಹೊರಗೆ ಮೆಟ್ಟಿಲ ಮೇಲೆ ಕೂತು, ಒಂದು ಮಾತೂ ಆಡದೆ, ಕೇಳಿದರು.

ಅವರಿಂದ ಆಕೆಗೆ ಇನ್ನೂ ಹತ್ತು ಸಂಜೆ ಬಾಕಿ.